ತೊಳೆಯಬಹುದಾದ ಫಿಲ್ಟರ್

ಭಾಗ್ಯಲಕ್ಷ್ಮಿಗೆ ದಿಗಿಲು ಹುಟ್ಟಿಸುವ ಪದ ಒಂದೇ: ವಾಷಬಲ್. ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಈ ಪದ ಹೊತ್ತು ಕೆ.ಆರ್. ಪುರದ ಅವಳ ಮನೆಗೆ ಬಂದದ್ದೆಲ್ಲ ನೆಟ್ಟಗೆ ಬಚ್ಚಲಿಗೆ ಹೋಗಿ ಅವಳಿಗಾಗಿ ಕಾದು ಕೂತಿತ್ತು. ಸೋಫಾ ಕವರು, ಕೂಲರಿನ ಹುಲ್ಲುಪಟ್ಟಿ, ಗಂಡ ಸುಗತನ ಓಟದ ಬೂಟು. ಅವನು ಓಡಿದ್ದು ಎರಡೇ ದಿನ.

ಕುಕ್ ಟೌನಿನ ಶಾಲೆಯೊಂದರ ಆಫೀಸಿನಲ್ಲಿ ಅವಳಿಗೆ ಕೆಲಸ. ಗಂಡ, ಮಗ, ತಾನು ಎಂದು ಮೂವರ ಊಟದ ಡಬ್ಬಿ ಕಟ್ಟಿ, ಹನ್ನೆರಡು ವರ್ಷದ ಹಳೇ ಕಾರು ಓಡಿಸಿಕೊಂಡು ಹೋಗುತ್ತಾಳೆ. ಸುಗತ ಮೆಟ್ರೋದಲ್ಲಿ ಹೋಗುತ್ತಾನೆ. ಕಾರು ಓಡಿಸುವವಳು ಅವಳು, ಕಾರಿನ ಬಗ್ಗೆ ಮಾತಾಡುವವನು ಅವನು.

"ಇಂಜಿನ್‌ಗೆ ಗಾಳಿ ಸಾಲ್ತಿಲ್ಲ ಭಾಗ್ಯ. ಬೇರೆ ಏರ್ ಇಂಟೇಕ್ ಹಾಕ್ಸೋಣ."

"ಅಡುಗೆಮನೇಲಿ ನನಗೂ ಸಾಲ್ತಿಲ್ಲ ಕಣ್ರೀ. ಫ್ಯಾನ್ ಕೆಟ್ಟು ಆರು ತಿಂಗ್ಳಾಯ್ತು."

ಆದರೂ ಹೊರಟಳು. ಫ್ಲೈಓವರ್ ಏರುವಾಗ ಕಾರು ಏದುಸಿರು ಬಿಡುವುದು ಅವಳಿಗೇ ತಾನೇ ಗೊತ್ತು?

ಶಿವಾಜಿನಗರದ ಗಲ್ಲಿಯಲ್ಲಿ ಬಿಡಿಭಾಗ ಮಾರುವ ಮೊಹ್ಸಿನ್ ಮೂರು ಸಾಮಾನು ಹರವಿದ. ಸುಗತನ ಕೈ ಮೊದಲು ಹೋದದ್ದು ಶಂಕುವಿನಾಕಾರದ ಕೆಂಪು ಫಿಲ್ಟರಿನ ಮೇಲೆ.

"ಸೌಂಡ್ ಹೆಂಗಿರತ್ತೆ ಗುರು?"

"ಹುಲಿ ಸಾರ್! ಆದ್ರೆ ಪವರ್ ಇಲಿ. ಬಾನೆಟ್ ಒಳಗಿನ ಬಿಸಿ ಗಾಳೀನೇ ಕುಡಿಯತ್ತೆ." ಉದ್ದ ಪೈಪಿನದು ತಣ್ಣನೆ ಗಾಳಿ ಎಳೆಯುತ್ತದೆ, ಆದರೆ ಅಂಡರ್‌ಪಾಸಿನಲ್ಲಿ ನೀರು ನಿಂತರೆ ಅದನ್ನೂ ಎಳೆಯುತ್ತದೆ ಎಂದ. ಮೂರನೆಯದು ಚಪ್ಪಟೆ ಬಟ್ಟೆಯ ಫಿಲ್ಟರ್. ಕಾರಿನ ಹಳೇ ಫಿಲ್ಟರ್ ಡಬ್ಬದೊಳಗೇ ಕೂರುತ್ತದೆ. "ರಾಕೆಟ್ ಆಗಲ್ಲ ಸಾರ್, ಸ್ವಲ್ಪ ಹಗುರಾಗಿ ಉಸಿರಾಡತ್ತೆ ಅಷ್ಟೇ. ಲೈಫ್‌ಟೈಮ್! ವಾಷಬಲ್."

ಭಾಗ್ಯಲಕ್ಷ್ಮಿಯ ಕಿವಿ ನಿಮಿರಿತು. ಅಲ್ಲಿಯವರೆಗೆ ಸುಗತನ ಮುಖ ನೋಡಿ ಮಾತಾಡುತ್ತಿದ್ದ ಮೊಹ್ಸಿನ್ ಆ ಒಂದು ಪದ ಆಡಿದ್ದೇ ತಡ, ಇಡೀ ಮೈಯನ್ನು ಅವಳ ಕಡೆಗೆ ತಿರುಗಿಸಿದ.

"ಮೂರು ತಿಂಗ್ಳಿಗೊಂದ್ಸಲ ಅಕ್ಕ. ನಿಮ್ಮ ಕಡೆ ಧೂಳು ಜಾಸ್ತಿ. ಬ್ರಷ್ ಹಾಕಿ ಉಜ್ಬಾರ್ದು. ಹಿಂಡ್ಬಾರ್ದು. ನೆರಳಲ್ಲಿ ಒಣಗಿಸಿ, ಆಮೇಲೆ ಹದವಾಗಿ ಎಣ್ಣೆ ಹಚ್ಬೇಕು."

"ಬಾಣಂತಿ ಆರೈಕೆ ಹೇಳ್ದಂಗೆ ಹೇಳ್ತಿದೀಯಲ್ಲಪ್ಪ. ಪವರ್ ವಿಷ್ಯ ಅವರಿಗೆ ಹೇಳ್ದೆ, ಬಕೆಟ್ ವಿಷ್ಯ ನನಗ್ಯಾಕೆ?"

ಮೊಹ್ಸಿನ್ ತಲೆ ಕೆರೆದುಕೊಂಡ. "ಅಭ್ಯಾಸ ಅಕ್ಕ. ನನ್ ಗಾಡೀದು ನನ್ ಹೆಂಡ್ತಿ ನೌರೀನೇ ತೊಳೀತಾಳೆ."

"ನೌರೀನ್ ಗಾಡಿ ಓಡಿಸ್ತಾಳಾ?"

"ಇಲ್ಲ, ಹಿಂದೆ ಕೂತ್ಕೋತಾಳೆ."

ಸುಗತ ಮೆಲ್ಲಗೆ ಕೆಮ್ಮಿದ. "ಕಂಪ್ನಿ ಪೇಪರ್ ಫಿಲ್ಟರೇ ಇರ್ಲಿ ಬಿಡು ಗುರು. ಹಳೇದಾದ್ರೆ ಬಿಸಾಕಿದ್ರಾಯ್ತು."

ಎರಡು ವಾರ ಫೋನಿನಲ್ಲಿ ಕಾರಿನ ವಿಡಿಯೋಗಳನ್ನೇ ನೋಡಿ ಏರಿದ್ದ ಅವನ ಉತ್ಸಾಹ ಒಂದು ಬಕೆಟ್ ನೀರಿಗೆ ಹೆದರಿತು.

"ಬೇಡ, ಬಟ್ಟೇದೇ ಕೊಡಪ್ಪ. ನನ್ ಕಾರು ಚೆನ್ನಾಗಿ ಉಸಿರಾಡ್ಲಿ," ಎಂದಳು ಭಾಗ್ಯಲಕ್ಷ್ಮಿ. "ಇನ್ನೊಂದ್ಸಲ ಹೇಳು, ಈ ಸಲ ಅವರ ಕಡೆ ತಿರುಗಿ. ರೀ, ಬಾಯಿಪಾಠ ಮಾಡ್ಕೊಳಿ."

ಮೊಹ್ಸಿನ್ ನಗು ಅದುಮಿಕೊಂಡು ಹೇಳಿದ. ಸುಗತ ಒಂದನೇ ಕ್ಲಾಸಿನ ಹುಡುಗನ ಹಾಗೆ ಒಪ್ಪಿಸಿದ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಬಚ್ಚಲಿನಿಂದ ಕೂಗು ಕೇಳಿತು. "ಭಾಗ್ಯ, ಹಿಂಡ್ಬೇಕು ಅಂದಿದ್ನಾ, ಹಿಂಡ್ಬಾರ್ದು ಅಂದಿದ್ನಾ?"

"ಅವನ ನಂಬರ್ ನಿಮ್ಮ ಫೋನಲ್ಲೇ ಇದೆ!"

ಒಂದು ಗಂಟೆಯ ಮೇಲೆ ಸುಗತ ಸೊಂಟ ಹಿಡಿದುಕೊಂಡು ಹೊರಗೆ ಬಂದ. ಮೊಣಕಾಲಿನವರೆಗೂ ಒದ್ದೆ, ಕಿವಿಯ ಮೇಲೆ ನೊರೆ. ಯುದ್ಧ ಗೆದ್ದವನಂತೆ ಕುರ್ಚಿಯಲ್ಲಿ ಕುಸಿದ.

"ಬೆನ್ನು ಹಿಡ್ಕೊಂಡ್ಬಿಡ್ತು ಕಣೇ. ಒಂದ್ ಕಾಫಿ ಸಿಗತ್ತಾ?"

ಭಾಗ್ಯಲಕ್ಷ್ಮಿ ಪೇಪರಿನ ಪುಟ ಮಗುಚಿದಳು.

"ಸಿಗತ್ತೆ. ಹಾಲು ಫ್ರಿಜ್ಜಲ್ಲಿದೆ. ನನಗೂ ಒಂದ್ ಲೋಟ ಇಡಿ."