ಕೆಂಚಿಯ ಹೊರಸು

ವೀರವ್ವನ ಅಂಗೈಯನ್ನು ಒಮ್ಮೆ ಮುಟ್ಟಿದವರು ಮರೆಯುವುದಿಲ್ಲ. ತಣ್ಣಗಿನ ಕೈ, ನೀರಲ್ಲಿ ನೆನೆದು ನೆನೆದು ಸುಕ್ಕುಗಟ್ಟಿದ ಬೆರಳು. ಸವಣೂರಿನ ಎಲೆತೋಟದ ಮನೆಗೆ ಸೊಸೆಯಾಗಿ ಬಂದಂದಿನಿಂದ ಆ ಕೈ ಒಣಗಿದ್ದೇ ಕಡಿಮೆ. ವೀಳ್ಯದೆಲೆಯ ಬದುಕೇ ಹಾಗೆ. ಬಳ್ಳಿಯಿಂದ ಕಿತ್ತಕೂಡಲೇ ನೀರು, ಜೋಡಿಸಿ ಕಟ್ಟುವಾಗ ನೀರು, ಬುಟ್ಟಿಗೆ ತುಂಬಿ ಹಸಿ ಗೋಣಿತಟ್ಟು ಹೊದಿಸಿದ ಮೇಲೂ ಮತ್ತೆ ನೀರು. ಮಂದಿ ಮಕ್ಕಳಿಗೆ ಬಿಸಿಲಿಗೆ ಹೋಗಬೇಡಿ ಎನ್ನುತ್ತಾರೆ, ವೀರವ್ವ ಎಲೆಗೆ ಹಾಗೆನ್ನುವವಳು.

ಹಟಕ್ಕೆ ಬಿದ್ದಳೆಂದರೆ ಮುಗಿಯಿತು. ಗಂಡ ತೀರಿಕೊಂಡ ವರ್ಷ ತೋಟವನ್ನು ಗೇಣಿಗೆ ಕೊಟ್ಟುಬಿಡು ಎಂದು ಓಣಿಯವರೆಲ್ಲ ಬುದ್ಧಿ ಹೇಳಿದರು. ಬುದ್ಧಿ ಹೇಳುವುದಕ್ಕೆ ಖರ್ಚೇನು? ವೀರವ್ವ ಎಲ್ಲರಿಗೂ ಚಹಾ ಕೊಟ್ಟು ಕಳಿಸಿ, ಮರುದಿನ ಕಚ್ಚೆ ಹಾಕಿ ತಾನೇ ಏಣಿ ಹತ್ತಿ ಎಲೆ ಕಿತ್ತಳು. ಕೆಳಗೆ ಏಣಿ ಹಿಡಿದವಳು ಪಕ್ಕದ ಮನೆಯ ಲಾಲಬಿ. ಅಂದಿನಿಂದ ಇಂದಿನವರೆಗೂ ಇಬ್ಬರೂ ಎದುರುಬದುರು ಕೂತು ಎಲೆ ಕಟ್ಟುತ್ತಾರೆ, ಜಗಳಾಡುತ್ತಾರೆ, ಮತ್ತೆ ಕಟ್ಟುತ್ತಾರೆ.

ಆ ವರ್ಷವೇ ಕೆಂಚಿಯೂ ಬಂದದ್ದು. ದುಂಡಸಿಯಲ್ಲಿರುವ ತಂಗಿಯ ಮನೆಯಿಂದ ಉಡಿಯಲ್ಲಿ ಹಾಕಿಕೊಂಡು ತಂದ ಕೆಂಪು ಹೆಣ್ಣು ನಾಯಿಮರಿ. ಗಂಡ ಇದ್ದಾಗ ನಸುಕಿನಲ್ಲಿ ತೋಟಕ್ಕೆ ಹೋಗುವಾಗ ಆತ ಮುಂದೆ, ಈಕೆ ಹಿಂದೆ. ಆತ ಹೋದ ಮೇಲೆ ಆ ದಾರಿಯಲ್ಲಿ ಮುಂದೆ ಯಾರೂ ಇಲ್ಲದ್ದನ್ನು ನೋಡುವುದೇ ಆಕೆಗೆ ಸಂಕಟವಾಗಿತ್ತು. ಕೆಂಚಿ ಬಾಲ ಎತ್ತಿಕೊಂಡು ಮುಂದೆ ನಡೆಯತೊಡಗಿದ ಮೇಲೆ ಎದೆಗೆ ಸಮಾಧಾನವಾಯಿತು. ನಾಯಿ ಎಂದರೆ ಆಕೆಗೆ ಜೀವ. ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ, ಅಷ್ಟೆ.

ಈ ಸಲ ಶ್ರಾವಣದ ಜಡಿಮಳೆಯಲ್ಲಿ ಕೆಂಚಿಯ ಮೈಮೇಲೆ ದುಂಡಗೆ ಕೂದಲು ಉದುರತೊಡಗಿತು. ಮೊದಲು ಕಿವಿ, ಆಮೇಲೆ ಬೆನ್ನು, ಹೊಟ್ಟೆ, ಮೊಣಕೈ. ಅಂಚು ಕೆಂಪಗೆ, ನಡುವೆ ಹೊಟ್ಟು. ನಾಯಿ ಕೆರೆದುಕೊಳ್ಳುವ ಸದ್ದಿಗೆ ಮನೆಯವರ ನಿದ್ದೆ ಹೋಯಿತು. ಅಷ್ಟರಲ್ಲಿ ಮೈದುನ ಉಳವಪ್ಪನ ಮೊಮ್ಮಗಳ ಕೆನ್ನೆಯ ಮೇಲೂ ಹುಳುಕಡ್ಡಿಯ ಉಂಗುರ ಎದ್ದಿತು. ಕೂಸು ದಿನವೆಲ್ಲ ಕೆಂಚಿಯ ಕೊರಳು ತಬ್ಬಿಕೊಂಡೇ ಇರುತ್ತಿತ್ತು.

ಉಳವಪ್ಪನದು ಅದೇ ಅಂಗಳದ ಆಚೆ ಮನೆ. ಎರಡೂ ಮನೆಯ ಎಲೆಯನ್ನು ಪೇಟೆಗೆ ಒಯ್ಯುವವನು ಅವನೇ. ಮೊದಲು ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದುಕೊಟ್ಟ. ಎಮ್ಮೆಗೆ ಹಚ್ಚಿದ್ದೆವು, ನಾಯಿಗೇನು ಎಂದ. ವೀರವ್ವ ಹಚ್ಚಿದಳು. ಕೆಂಚಿ ಅದನ್ನು ನೆಕ್ಕಿ ದಿನವಿಡೀ ವಾಂತಿ ಮಾಡಿತು, ಚರ್ಮ ಬೆಂದಂತೆ ಕೆಂಪಾಯಿತು. ಹಬ್ಬದ ಗಣಪತಿಯನ್ನು ನೀರಿಗೆ ಬಿಟ್ಟ ಮರುದಿನ ಉಳವಪ್ಪ ಕಟ್ಟೆಯ ಮೇಲೆ ಬಂದು ಕೂತ.

“ವೈನಿ, ಎಲಿ ಅನ್ನೂದು ಮಂದಿ ಬಾಯಾಗ ಹೋಗೋ ಮಾಲು. ಕೂಸಿನ ಮಾರಿನೂ ನೋಡ್ರಿ. ದೀಪಾವಳಿ ಹಟ್ಟಿ ಹಬ್ಬದ ತನಕ ಸುಮ್ನಿರ್ತೇನಿ. ಆರಾಮ ಆಗ್ಲಿಲ್ಲಂದ್ರ ಹಗ್ಗಾ ತಂದು ಕಟ್ಟಿ, ತಡಸದ ಆಚಿ ದೊಡ್ಡ ರಸ್ತಾದಾಗ ಬಿಟ್ಟು ಬರ್ತೇನಿ.”

ಉಳವಪ್ಪ ಕೆಟ್ಟವನಲ್ಲ. ಮೊಮ್ಮಗಳ ಕೆನ್ನೆ ನೋಡಿ ಯಾವ ಅಜ್ಜ ಸುಮ್ಮನಿರುತ್ತಾನೆ? ಅದು ಗೊತ್ತಿದ್ದುದರಿಂದಲೇ ವೀರವ್ವ ಜಗಳಕ್ಕೆ ಇಳಿಯಲಿಲ್ಲ. ದೊಡ್ಡ ರಸ್ತೆಯಲ್ಲಿ ಲಾರಿಗಳ ನಡುವೆ ಕೆಂಚಿ ಓಡುವುದು ಕಣ್ಣಿಗೆ ಕಟ್ಟಿತು.

“ನಾ ಆರಾಮ ಮಾಡಿ ತೋರಿಸ್ತೇನಿ. ನೀ ಹಗ್ಗಾ ತರಬ್ಯಾಡ,” ಎಂದಳು.

ಊರಿನ ದನದ ದವಾಖಾನೆಯ ಡಾಕ್ಟರು ಆ ವಾರ ರಜೆಯಲ್ಲಿದ್ದರು. ಮುಂದಿನ ವಾರ ಎಂಬ ಮಾತು ವೀರವ್ವನಿಗೆ ಆಗದು. ಕೆಂಚಿಯನ್ನು ಎಲೆಬುಟ್ಟಿಯೊಳಗೆ ಕೂರಿಸಿ, ಮೇಲೆ ತಟ್ಟು ಹೊದಿಸಿ, ಶಿಗ್ಗಾಂವಿ ಬಸ್ಸು ಹತ್ತಿಯೇಬಿಟ್ಟಳು. ತನಗೆ ಪುಕ್ಕಟೆ ಟಿಕೀಟು, ಬುಟ್ಟಿಗೆ ಲಗೇಜು ಟಿಕೀಟು. ರಸ್ತೆಯ ಉಬ್ಬಿಗೆ ಬಸ್ಸು ಹಾರಿದಾಗ ಬುಟ್ಟಿಯೂ ಮಾತಾಡಿತು.

“ಯವ್ವಾ, ನಿನ್ನ ಎಲಿ ಬೊಗಳಾಕತ್ತೈತಲ್ಲ!” ಎಂದ ಕಂಡಕ್ಟರ.

“ಟಿಕೀಟು ಕೊಟ್ಟೀಯಲ್ಲ, ಬೊಗಳ್ಲಿ ಬಿಡು.”

ಶಿಗ್ಗಾಂವಿಯ ಡಾಕ್ಟರಮ್ಮ ತನುಜಾ ಇನ್ನೂ ಚಿಕ್ಕ ವಯಸ್ಸಿನವಳು, ಆದರೆ ಕೈ ಗಡಿಬಿಡಿಯದಲ್ಲ. ಉಂಗುರದ ಅಂಚಿನ ಹೊಟ್ಟನ್ನು ಕೆರೆದು ಗಾಜಿನ ಮೇಲಿಟ್ಟು ನೋಡಿದಳು. ಇದು ರೊಟ್ಟಿಗೆ ಹಿಡಿಯುವಂಥ ಬೂಷ್ಟು, ಚರ್ಮಕ್ಕೆ ಹಿಡಿದಿದೆ, ಮುಟ್ಟಿದವರಿಗೂ ಹತ್ತುತ್ತದೆ ಎಂದಳು. ಆಯಿಲ್ ಸುದ್ದಿ ಕೇಳಿ ಬೈದಳು, ಎಲೆಬುಟ್ಟಿ ನೋಡಿ ಇನ್ನೂ ಬೈದಳು. ಹಚ್ಚಲು ಮುಲಾಮು, ಮೈ ತೊಳೆಯಲು ಔಷಧದ ಶಾಂಪು, ಹೊಟ್ಟೆಗೆ ಗುಳಿಗೆ ಕೊಟ್ಟು, ಕೈಗೆ ಚೀಲ ಕಟ್ಟಿಕೊಂಡೇ ಮುಟ್ಟಬೇಕು ಎಂದು ತಾಕೀತು ಮಾಡಿದಳು. ಆಮೇಲೆ ಕೇಳಿದಳು:

“ಮಲಗೋ ಜಾಗಾ ಒಣಾ ಇರ್ಬೇಕ್ರಿ ಅವ್ವಾರ. ಹಸಿ ಇದ್ದಲ್ಲಿ ಇದು ಸಾಯೂದಿಲ್ಲ. ಒಣಾ ಐತೇನ್ರಿ?”

“ಒಣಾನ ಐತ್ರಿ,” ಎಂದಳು ವೀರವ್ವ. ಸುಳ್ಳು ಹೇಳುವ ಉದ್ದೇಶ ಒಂದು ಸಾಸಿವೆಯಷ್ಟೂ ಇರಲಿಲ್ಲ.

ಮನೆಗೆ ಬಂದು ಆ ಬುಟ್ಟಿಯನ್ನು ಸುಟ್ಟಳು. ಶಾಂಪು ಹಚ್ಚಿದ ಮೇಲೆ ನೊರೆ ಸ್ವಲ್ಪ ಹೊತ್ತು ಮೈಮೇಲೇ ಇರಬೇಕಿತ್ತು. ಲಾಲಬಿ ಒಂದು ಸಣ್ಣ ಬುಟ್ಟಿ ಎಲೆ ಕಟ್ಟಿ ತುಂಬುವವರೆಗೆ ಎಂದು ವೀರವ್ವ ಲೆಕ್ಕ ಇಟ್ಟುಕೊಂಡಳು. ಅಷ್ಟೂ ಹೊತ್ತು ಕೆಂಚಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿಯಬೇಕು. ಅದು ಮೈ ಕೊಡವಿದರೆ ನೊರೆಯೆಲ್ಲ ಇವಳ ಮಾರಿಗೆ. “ಲಗೂ ಕಟ್ಟ ಲಾಲಬಿ!” ಎಂದು ಈಕೆ, “ಹಂಗ ಲಗೂ ಕಟ್ಟಿದ್ರ ಎಲಿ ಹರೀತಾವ ವೀರಕ್ಕಾ!” ಎಂದು ಆಕೆ. ಗುಳಿಗೆಯನ್ನು ರೊಟ್ಟಿಯಲ್ಲಿ ಮುಚ್ಚಿಟ್ಟರೆ ಕೆಂಚಿ ರೊಟ್ಟಿ ತಿಂದು ಗುಳಿಗೆಯನ್ನು ನಾಜೂಕಾಗಿ ಉಗುಳುತ್ತಿತ್ತು. ವೀರವ್ವ ಬಾಯಿ ತೆರೆಸಿ ನಾಲಿಗೆಯ ಹಿಂದೆ ಇಟ್ಟು, ನುಂಗುವವರೆಗೆ ಗಂಟಲು ಸವರುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ.

ಕಿವಿಯ ಮೇಲೆ, ಬೆನ್ನ ಮೇಲೆ ನವಿರು ಕೂದಲು ಬಂತು. ಹೊಟ್ಟೆ, ಮೊಣಕೈ ಮಾತ್ರ ಹಾಗೇ ಉಳಿದವು. ವಾಸಿಯಾದಂತೆ ಕಂಡು ಮತ್ತೆ ಕೆಂಪಾಗುತ್ತಿದ್ದವು. ಮತ್ತೆ ಶಿಗ್ಗಾಂವಿ. ತನುಜಾ ನೋಡಿ, ಔಷಧ ತಾಗುತ್ತಿದೆ, ಆದರೆ ನೆಲಕ್ಕೆ ತಾಗುವ ಕಡೆಯೇ ತಿರುಗಿ ಬರುತ್ತಿದೆ ಎಂದಳು. “ಎಲ್ಲೋ ಹಸಿ ಉಳದೈತ್ರಿ, ಹುಡುಕ್ರಿ.” ವೀರವ್ವನಿಗೆ ಸಿಟ್ಟೇ ಬಂತು. ಹುಡುಕುವುದೇನು, ದಿನಾ ತಾನೇ ಕೈಯಾರೆ ಮುಟ್ಟಿ ನೋಡುತ್ತೇನಲ್ಲ!

ಆ ಮನೆಯಲ್ಲಿ ಅಮಾವಾಸ್ಯೆಗೆ ಬಳ್ಳಿ ಮುಟ್ಟುವುದಿಲ್ಲ. ಮಾವನ ಕಾಲದಿಂದ ಬಂದ ರೂಢಿ. ಅಂದು ಎಲೆಯೂ ಇಲ್ಲ, ನೀರೂ ಇಲ್ಲ. ಮಹಾನವಮಿ ಅಮಾವಾಸ್ಯೆಯ ದಿನ ವೀರವ್ವ ಹೋಳಿಗೆಯ ಊಟ ಮುಗಿಸಿ, ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದು ಎದ್ದು, ಎಲೆಕೋಣೆಯ ಮೂಲೆಯಲ್ಲಿದ್ದ ಕೆಂಚಿಯ ಗೋಣಿತಟ್ಟನ್ನು ಝಾಡಿಸಲೆಂದು ಹಿಡಿದಳು. ಹಿಡಿದ ಕೈ ಅಲ್ಲೇ ನಿಂತಿತು. ತಟ್ಟು ತಣ್ಣಗಿತ್ತು. ಮತ್ತೊಮ್ಮೆ ಒತ್ತಿ ನೋಡಿದಳು. ತನ್ನ ಕೈಯನ್ನೇ ನಂಬದೆ ಲಾಲಬಿಯನ್ನು ಕೂಗಿ ಕರೆದಳು.

“ಲಾಲಬಿ, ಇದನ್ನ ಮುಟ್ಟಿ ನೋಡ. ಒಣಾ ಐತೋ, ಹಸಿ ಐತೋ?”

ಲಾಲಬಿಯ ಕೈಯೂ ಅಂದು ಒಣಗಿತ್ತು. ಮುಟ್ಟಿದವಳು ಬೆಚ್ಚಿದಳು. “ಯಾ ಅಲ್ಲಾ! ಹಸೀನ ಐತಲ್ಲ ವೀರಕ್ಕಾ!”

ತಟ್ಟನ್ನು ಮಗುಚಿದರೆ ಅಡಿಯಲ್ಲಿ ಬೆಳ್ಳಗೆ ಬೂಷ್ಟು. ಹಿಂಡಿದರೆ ನೀರು ಇಳಿಯದ ತಟ್ಟು ಎಂದರೆ ಎಲೆ ಕಟ್ಟುವವರ ಮನೆಯಲ್ಲಿ ಒಣಗಿದ ತಟ್ಟೇ. ನೀರಲ್ಲೇ ಇರುವ ಕೈಗೆ ತೇವ ಗೊತ್ತಾಗುವುದಾದರೂ ಹೇಗೆ? ಸಾಲದ್ದಕ್ಕೆ, ಕೆಂಚಿಗೆ ತಂಪಾಗಲೆಂದು ಎಲೆಗೆ ನೀರು ಚಿಮುಕಿಸುವಾಗ ಆ ಮೂಲೆಗೂ ದಿನಾ ಎರಡು ಹನಿ ಪ್ರೀತಿಯಿಂದ ಚಿಮುಕಿಸುತ್ತಿದ್ದಳು. ಎಲೆ ಕಟ್ಟಿನಲ್ಲಿ ನೀರು ನಿಂತರೆ ಕೊಳೆಯುತ್ತದೆ ಎಂದು ಲಾಲಬಿಗೆ ಎಷ್ಟು ಸಲ ಬೈದಿಲ್ಲ! ವೀರವ್ವನಿಗೆ ಅಳು ಬಂತು, ಹಿಂದೆಯೇ ತನ್ನ ಮೇಲೆ ಸಿಟ್ಟು ಬಂತು. ಸಿಟ್ಟು ಗೆದ್ದಿತು, ಒಳ್ಳೆಯದೇ ಆಯಿತು.

ತಟ್ಟು ಒಲೆಗೆ ಹೋಯಿತು. ಕೋಣೆಯನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದ್ದಾಯಿತು. ಆದರೆ ನಾಯಿ ಮಲಗುವುದು ಎಲ್ಲಿ? ನೆಲವೆಲ್ಲ ತೇವ, ಪಡಸಾಲೆಯ ಕಲ್ಲೂ ತೇವ. ಗೋಡೆಗೆ ಒರಗಿಸಿಟ್ಟ ಗಂಡನ ಹೊರಸು ಇತ್ತು, ಆತ ಮಲಗುತ್ತಿದ್ದ ನುಲಿಹಗ್ಗದ ಮಂಚ. ಆತ ಹೋದ ಮೇಲೆ ಅದರ ಮೇಲೆ ಯಾರೂ ಮಲಗಿರಲಿಲ್ಲ. ವೀರವ್ವ ಅದನ್ನು ಎಳೆದು ಬಿಸಿಲು ಬೀಳುವ ಕಡೆ ಹಾಕಿದಳು. ದಿನಾ ಒಂದು ಹಳೆ ಸೀರೆಯ ತುಂಡು ಕುದಿಸಿ, ಒಣಗಿಸಿ ಹಾಸಿದಳು. ಮುಟ್ಟಿ ನೋಡುವ ಮುಂಚೆ ಕೈಯನ್ನು ಒಲೆಯ ಕಾವಿಗೆ ಹಿಡಿಯುವುದನ್ನು ರೂಢಿ ಮಾಡಿಕೊಂಡಳು.

ಹಟ್ಟಿ ಹಬ್ಬದ ಹಿಂದಿನ ದಿನ ಉಳವಪ್ಪ ಬಂದ. ಕೈಯಲ್ಲಿ ಹೊಸ ಹಗ್ಗವಿತ್ತು. ಮಾತೆಂದರೆ ಮಾತು, ಅವನೂ ಅದೇ ಮನೆಯವನಲ್ಲವೇ! ಹೊರಸು ನೋಡಿ ಅವನ ಮುಖ ಕೆಂಪಾಯಿತು.

“ಅಣ್ಣನ ಹೊರಸಿನ ಮ್ಯಾಲ ನಾಯಿ ಮಲಗಿಸೀರೇನ್ರಿ ವೈನಿ?”

“ಈ ಮನ್ಯಾಗ ಒಣಾ ಅನ್ನೂದು ಅದೊಂದ ಉಳದಿತ್ತು,” ಎಂದಳು ವೀರವ್ವ. “ನಿಮ್ಮಣ್ಣ ಇದ್ದಿದ್ರ ತಾನ ಎದ್ದು ಜಾಗಾ ಕೊಡ್ತಿದ್ದ. ಹೊಟ್ಟಿ ನೋಡು ಮೊದಲ. ಆಮ್ಯಾಲ ಹಗ್ಗದ ಮಾತಾಡು.”

ಕೆಂಚಿ ಕೆಳಗಿಳಿದು ಅಂಗಾತ ಬಿತ್ತು. ಹೊಟ್ಟೆಯ ತುಂಬ ಎಳೆಯ ಕೆಂಪು ಕೂದಲು. ಮೊಣಕೈಯಲ್ಲಿ ಗುರುತು ಉಳಿದಿತ್ತು, ಕೆಂಪು ಇರಲಿಲ್ಲ. ಡಾಕ್ಟರಮ್ಮ ನಿನ್ನೆಯಷ್ಟೇ ಕೆರೆದು ನೋಡಿ, ಬೂಷ್ಟು ಕಾಣಲಿಲ್ಲ, ಆದರೂ ಔಷಧ ಬಿಡಬೇಡಿ, ಇನ್ನೊಮ್ಮೆ ತೋರಿಸಿ ಎಂದಿದ್ದಳು. ಆಚೆ ಮನೆಯ ಬಾಗಿಲಲ್ಲಿ ನಿಂತ ಮೊಮ್ಮಗಳ ಕೆನ್ನೆಯೂ ದವಾಖಾನೆಯ ಮುಲಾಮಿಗೆ ನುಣ್ಣಗಾಗಿತ್ತು. “ದೊಡ್ಡವ್ವಾ, ಕೆಂಚಿನ್ನ ಯಾವಾಗ ಮುಟ್ಲಿ?” ಎಂದು ಅದು ಅಲ್ಲಿಂದಲೇ ಕೂಗಿತು.

ಉಳವಪ್ಪ ಹೊರಸಿನ ಹತ್ತಿರ ಹೋಗಿ ಸೀರೆತುಂಡಿನ ಮೇಲೆ ಅಂಗೈ ಊರಿ ನೋಡಿದ. ಬೆಚ್ಚಗಿತ್ತು. ನಡುವಿನ ನುಲಿ ಹಳತಾಗಿ ನೆಲ ಮುಟ್ಟುವ ಹಾಗೆ ಜೋತುಬಿದ್ದಿತ್ತು. ಅದರ ಮೇಲೆ ಕೈಯಾಡಿಸಿದ. ಅಣ್ಣ ಮಲಗಿದ ಹೊರಸು ಅದು. ಆಮೇಲೆ ಕೆಳಗೆ ಕೂತು ಹರಕು ನುಲಿಯನ್ನು ಬಿಚ್ಚತೊಡಗಿದ, ತಂದ ಹಗ್ಗದ ತುದಿಯನ್ನು ಹೊರಸಿನ ಪಟ್ಟಿಗೆ ಬಿಗಿದ.

“ಆ ಬದಿ ಹಿಡೀರಿ ವೈನಿ,” ಎಂದ, ತಲೆ ಎತ್ತದೆ.

ವೀರವ್ವ ಎರಡೂ ಕೈಗಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಹಿಡಿದಳು.