ಷಡ್ಡಕನ ಮೇಲಿನ ಹೊಟ್ಟೆಕಿಚ್ಚು

ನೀವು ದಿನಾ ಹತ್ತುವ ಬಸ್ಸಿನ ಗುತ್ತಿಗೆ ಡ್ರೈವರನಿಗೆ ಆಸ್ಪತ್ರೆಯಲ್ಲಿ ಮಲಗಿದ ದಿನಗಳ ಸಂಬಳ ಇವತ್ತಿಗೂ ಬಂದಿಲ್ಲ. ಅವನ ಷಡ್ಡಕನಿಗೆ ಮನೆಯಲ್ಲಿ ಮಲಗಿದ ದಿನಗಳದ್ದೂ ಬಂದಿದೆ. ಹೊಟ್ಟೆ ಉರಿಯಲು ಅಷ್ಟೇ ಸಾಕು. ಆದರೆ ಇವನ ಉರಿ ಶುರುವಾದದ್ದು ಸೊಂಟದ ಕೆಳಗಿನಿಂದ.

ಅಕ್ಕನನ್ನು ಇವನು ಕಟ್ಟಿಕೊಂಡ, ತಂಗಿಯನ್ನು ಅವನು. ಇಬ್ಬರದೂ ಒಂದೇ ಡಿಪೋ. ಷಡ್ಡಕ ಖಾಯಂ ಟೈಮ್‌ಕೀಪರ್. ತಲೆಯ ಮೇಲೆ ಫ್ಯಾನು, ಬೆನ್ನ ಹಿಂದೆಯೇ ಕಕ್ಕಸು. ರಕ್ತಪರೀಕ್ಷೆಯಲ್ಲಿ ಇಬ್ಬರಿಗೂ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇರಬಹುದೆಂದು ಅನುಮಾನ ಬಂದು, ಒಂದೇ ಬೆಳಗ್ಗೆ ಒಂದೇ ಡಾಕ್ಟರಮ್ಮ ಹಿಂಬಾಗಿಲಿನಿಂದ ಸೂಜಿ ಹಾಕಿ ಪರೀಕ್ಷೆಗೆ ಮಾಂಸದ ಚೂರು ತೆಗೆದರು.

"ಚೆನ್ನಾಗಿ ನೀರು ಕುಡೀರಿ, ಮಲಗಿ. ಚಳಿಜ್ವರ ಬಂದ್ರೆ, ಉಚ್ಚೆ ಕಟ್ಕೊಂಡ್ರೆ ತಕ್ಷಣ ಬನ್ನಿ" ಎಂದು ಇಬ್ಬರಿಗೂ ಹೇಳಿ ಕಳಿಸಿದರು.

ಷಡ್ಡಕ ರಜೆ ಬರೆದು ಮಲಗಿದ. ಇವನು ರಜೆ ಹಾಕಿದರೆ ಸಂಬಳಕ್ಕೆ ಕತ್ತರಿ. ಮರುದಿನವೇ ಸ್ಟೀರಿಂಗ್ ಹಿಡಿದ. ಸೀಟೋ ಮುಳ್ಳಿನ ಕಂತೆ. ಒಂದೊಂದು ಹಂಪು ಹತ್ತಿಳಿದಾಗಲೂ ಹಲ್ಲು ಕಚ್ಚಿದ. ಬೆಳಗ್ಗೆ ಉಚ್ಚೆ ಕೆಂಪಗೆ ಬಂದಿತ್ತು. ಅದರ ಮೇಲೆ ಅವನ ರೂಟಿನ ಡ್ರೈವರುಗಳಿಗೆಲ್ಲ ಅಂಟಿದ ಚಾಳಿ ಬೇರೆ: ಡ್ಯೂಟಿ ಮುಗಿಯುವವರೆಗೆ ಗಂಟಲಿಗೆ ನೀರು ಬಿಡುವಂತಿಲ್ಲ. ಕೊನೆಯ ನಿಲ್ದಾಣದ ಕಕ್ಕಸಿಗೆ ಸದಾ ಬೀಗ. ಡಾಕ್ಟರಮ್ಮನ ಮಾತು ಒಂದು ಕಡೆ, ಇಷ್ಟು ವರ್ಷ ಒಣಗಿ ರೂಢಿಯಾದ ಮೈ ಒಂದು ಕಡೆ. ಮೈಯೇ ಗೆದ್ದಿತು.

ಸಂಜೆ ಹೆಂಡತಿ ಅವನನ್ನು ತಂಗಿಯ ಮನೆಗೆ ಎಳೆದುಕೊಂಡು ಹೋದಳು. ಷಡ್ಡಕ ದಿಂಬಿಗೊರಗಿ ಕೂತಿದ್ದ.

"ನಂಗೇನಣ್ಣಾ, ಮಹಾರಾಜ! ಚೊಂಬುಗಟ್ಟಲೆ ಕುಡಿದೆ, ಚೊಂಬುಗಟ್ಟಲೆ ಬಿಟ್ಟೆ. ಈಗ ತಿಳಿಯಾಗಿದೆ. ನಿಂದು?"

"ನಂದೂ ಅಷ್ಟೇ."

ಹಸಿ ಸುಳ್ಳು. ಬೆಳಗಿನಿಂದ ಒಂದು ಹನಿ ಬಿದ್ದಿರಲಿಲ್ಲ, ಕಿಬ್ಬೊಟ್ಟೆ ಕಲ್ಲಾಗಿತ್ತು. ಷಡ್ಡಕ ಎದ್ದು ಬಚ್ಚಲಿಗೆ ಹೋದ. ಬಾಗಿಲು ಪೂರ್ತಿ ಹಾಕಿರಲಿಲ್ಲ. ಧಾರೆ ಬಿದ್ದ ಸದ್ದು, ಜೊತೆಗೆ ಶಿಳ್ಳೆ. ಅವನ ಸ್ವಂತ ಮನೆ, ಖಾಯಂ ನೌಕರಿ, ಹೊಸ ಸ್ಕೂಟರು, ಯಾವುದನ್ನು ಕಂಡೂ ಇವನು ಇಷ್ಟು ಕರುಬಿರಲಿಲ್ಲ. ಆ ಸದ್ದಿಗೆ ಕರುಬಿದ. ಒಂದು ಸಲ, ಒಂದೇ ಸಲ, ಅವನದೂ ಕಟ್ಟಿಕೊಳ್ಳಲಿ ಎಂದು ಮನಸಾರೆ ಬಯಸಿದ.

ನಾದಿನಿ ಚಹಾ ಕೊಟ್ಟಳು. ಚಳಿಗೆ ಮೈ ಅದುರಿ ಅರ್ಧ ಚಹಾ ಪಂಚೆಯ ಮೇಲಾಯಿತು, ಲೋಟ ತೆಗೆದುಕೊಳ್ಳಲು ಬಂದವಳ ಕೈಗೆ ಇವನ ಕೈ ತಗುಲಿತು.

"ಭಾವ, ಮೈ ಕಾದ ಹೆಂಚಾಗಿದೆಯಲ್ಲ!"

ಷಡ್ಡಕ ಓಡಿಬಂದ. "ನಿಜ ಹೇಳಣ್ಣಾ, ಹೊಯ್ದಿದ್ದು ಯಾವಾಗ?"

ಅವನ ಮುಂದೆ ಬಾಯಿ ಬಿಡುವುದಕ್ಕಿಂತ ಸಾಯುವುದೇ ಮೇಲು ಎನ್ನಿಸಿತು. ಆದರೆ ನೋವು ಮಾನ ಮರ್ಯಾದೆ ನೋಡುತ್ತದೆಯೇ? "ಬೆಳಿಗ್ಗೆ... ಆಗ್ತಿಲ್ಲ ಕಣೋ" ಎಂದು ಗೊಳೋ ಎಂದ.

ಕರುಬಿದ ಸ್ಕೂಟರೇ ಅವನನ್ನು ಹೊತ್ತೊಯ್ದಿತು. ಆಸ್ಪತ್ರೆಯಲ್ಲಿ ಪೈಪು ತೂರಿಸಿದರು. ಹೆಪ್ಪುಗಟ್ಟಿದ ರಕ್ತ ಬಂತು, ಹಿಂದೆಯೇ ಉಚ್ಚೆ ನುಗ್ಗಿ ಚೀಲ ತುಂಬಿತು. ಸೋಂಕು ರಕ್ತಕ್ಕೇರಿದೆ ಎಂದು ಸೇರಿಸಿಕೊಂಡರು.

"ನನ್ನ ದಾಖಲೆ ಮುರಿದೆಯಲ್ಲಣ್ಣಾ!" ಎಂದ ಷಡ್ಡಕ, ಚೀಲ ನೋಡಿ. ಇವನಿಗೆ ನಗು ಬರಲಿಲ್ಲ.

ಇಬ್ಬರಲ್ಲೂ ಕ್ಯಾನ್ಸರ್ ಇಲ್ಲವೆಂದು ವರದಿ ಬಂತು. ಡ್ರೈವರ್ ಈಗ ಮತ್ತೆ ಅದೇ ಸೀಟಿನಲ್ಲಿದ್ದಾನೆ, ಒಣಗಿದ ಗಂಟಲಿನಲ್ಲಿ. ಕರುಬು ಹೋಗಿಲ್ಲ, ಹೋಗಲಿ ಎಂದು ನಾನೂ ಹೇಳುವುದಿಲ್ಲ. ಅವನ ಬೆನ್ನ ಹಿಂದೆ ಕೂತು ದಿನಾ ಓಡಾಡುವವರು ನೀವು. ಆ ಕಕ್ಕಸಿನ ಬೀಗ ತೆಗೆಸಿ, ಖಾಯಮ್ಮಿನವನ ರಜೆ ಇವನಿಗೂ ಕೊಡಿಸಿ. ಡಿಪೋದವರನ್ನು ಯಾವತ್ತು ಕೇಳುತ್ತೀರಿ, ಹೇಳಿ?