ಮಗ್ಗದ ಪಕ್ಕದ ಸಮುದ್ರ

ಓಬಕ್ಕ ಮನುಷ್ಯರೊಂದಿಗೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಮೀನುಗಳೊಂದಿಗೆ ತೆಲುಗಿನಲ್ಲಿ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ಎಸೆಯುತ್ತಲೇ ಪಕ್ಕದ ಗಾಜಿನ ತೊಟ್ಟಿಯ ಕಡೆ ತಿರುಗಿ "ರಾ ತಲ್ಲಿ, ರಾ" ಎನ್ನುವರು. ಬಾ ತಾಯಿ, ಬಾ ಎಂದು. ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನುಗಳು ನಿಜಕ್ಕೂ ಗಾಜಿನ ಹತ್ತಿರ ಬರುತ್ತಿದ್ದವು.

"ಯಾಕೆ ಓಬಕ್ಕ, ಅವಕ್ಕೆ ಕನ್ನಡ ಬರಲ್ವಾ?" ಎಂದು ಕೆಣಕಿದರೆ, "ಕನ್ನಡದಾಗೆ ನಾನು ಬೈದಿದ್ದೇ ಜಾಸ್ತಿ ಟೀಚರಮ್ಮ. ನಮ್ಮವ್ವ ನನ್ನ ಮುದ್ದು ಮಾಡಿದ್ದು ತೆಲುಗಿನಾಗೆ" ಎನ್ನುವರು.

ನಾನು ಮೊಳಕಾಲ್ಮೂರಿನ ಶಾಲೆಗೆ ಬಂದಾಗ ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಶಾಲೆ ಮುಗಿಸಿ ಬಂದು ಮಗ್ಗದ ಮನೆಯಲ್ಲಿ ಕೂತರೆ ಏಳಲು ಮನಸ್ಸೇ ಆಗುತ್ತಿರಲಿಲ್ಲ. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ ತೊಟ್ಟಿಯ ನೀಲಿ ಬೆಳಕು ಗೋಡೆಯ ಮೇಲೆ, ಹಾಸಿನ ರೇಷ್ಮೆಯ ಮೇಲೆ, ಓಬಕ್ಕನ ನರೆತ ತಲೆಯ ಮೇಲೆ ತೂಗಾಡುತ್ತಿತ್ತು. ಹವಳ ಅರಳಿ ನೀರಿನಲ್ಲಿ ತೊನೆಯುತ್ತಿತ್ತು. ಮಗ್ಗದ ಸದ್ದು ಕೇಳುತ್ತ ಎಷ್ಟೋ ಸಲ ನಾನು ಕೂತಲ್ಲೇ ನಿದ್ದೆ ಹೋಗಿದ್ದೇನೆ.

ಆ ಸಮುದ್ರವನ್ನು ತಂದವರು ಅವರ ಗಂಡ. ಚಳ್ಳಕೆರೆಯಿಂದ ಮಂಗಳೂರಿಗೆ ಈರುಳ್ಳಿ ಲಾರಿ ಓಡಿಸುತ್ತಿದ್ದರಂತೆ. ಪ್ರತಿ ಸಲವೂ "ಬಾರೇ, ಸಮುದ್ರ ತೋರಿಸ್ತೀನಿ" ಎಂದು ಕರೆಯುವರು. ಮಗ್ಗದ ಮೇಲೆ ಸೀರೆ ಐತೆ, ಮುಗಿಸಿ ಬರ್ತೀನಿ ಎಂದು ಓಬಕ್ಕ ಮುಂದೂಡುವರು. ಒಂದು ಸೀರೆ ಮುಗಿದರೆ ಇನ್ನೊಂದು ಏರಿರುತ್ತಿತ್ತು. ಕೊನೆಗೊಮ್ಮೆ ಅವರು ತೊಟ್ಟಿ, ಹವಳ, ಮೀನು ಎಲ್ಲವನ್ನೂ ಲಾರಿಯಲ್ಲಿ ಹೇರಿಕೊಂಡು ಬಂದು, "ನೀನಂತೂ ಬರಲ್ಲ, ಅದನ್ನೇ ಕರ್ಕೊಂಡು ಬಂದೀನಿ" ಎಂದರಂತೆ. ಅದಾದ ಸ್ವಲ್ಪ ಕಾಲಕ್ಕೆ ಎದೆನೋವು ಬಂದು ತೀರಿಕೊಂಡರು. ಅವರ ಕೈಯಿಂದ ಬಂದ ಜೀವವೆಂದು ಮನೆಯಲ್ಲಿ ಉಳಿದದ್ದು ಆ ಮೀನುಗಳೇ.

ಅಂಥ ಮೀನುಗಳ ಮೈಮೇಲೆ ಒಂದು ಬೇಸಿಗೆಯಲ್ಲಿ ಉಪ್ಪು ಚಿಮುಕಿಸಿದಂತೆ ಬಿಳಿ ಚುಕ್ಕೆಗಳೆದ್ದವು. ಮೀನುಗಳು ಕಲ್ಲಿಗೆ ಮೈ ಉಜ್ಜತೊಡಗಿದವು, ಮೇವು ಬಿಟ್ಟವು. ಓಬಕ್ಕನ ಜೀವ ಬಾಯಿಗೆ ಬಂತು. ಸೆಕೆಗೆ ಆರಿಹೋಗುವ ನೀರನ್ನು ದಿನವೂ ತುಂಬಬೇಕಿತ್ತಲ್ಲ, ಪ್ಲಾಸ್ಟಿಕ್ ಕೊಡದ ನೀರಿನಿಂದಲೇ ಹೀಗಾಯಿತೆಂದು ಅವರಿಗೆ ಅನುಮಾನ. ದೇವರ ಕೋಣೆಯ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಅದರಲ್ಲಿ ಇಟ್ಟ ನೀರನ್ನೇ ಸುರಿಯತೊಡಗಿದರು. ಮನೆಯಲ್ಲಿ ಅದಕ್ಕಿಂತ ಮಡಿಯಾದ ನೀರು ಇರಲಿಲ್ಲ.

ಚುಕ್ಕೆ ಹೋಗಲಿಲ್ಲ. ಕಲ್ಲಿನ ಸಂದಿಯ ಕೆಂಪು ಸೀಗಡಿ ಸತ್ತಿತು. ಹವಳ ಮುದುಡಿಕೊಂಡಿತು. ನಾನು ಚಳ್ಳಕೆರೆಯ ಮೀನಿನ ಅಂಗಡಿಯವನಿಗೆ ಫೋನ್ ಮಾಡಿ ಓಬಕ್ಕನ ಕೈಗೆ ಕೊಟ್ಟೆ.

"ನೀರು ಯಾತರಾಗೆ ಇಟ್ಟಿದ್ರಿ ಅಕ್ಕಾ?"

"ತಾಮ್ರದ ಬಿಂದಿಗ್ಯಾಗೆ."

"ಅಯ್ಯಯ್ಯೋ! ಸೀಗಡಿಗೂ ಹವಳಕ್ಕೂ ತಾಮ್ರ ವಿಷ ಅಕ್ಕಾ. ಮೀನಿನ ಮೈಮೇಲಿನ ಚುಕ್ಕೆ ಅಂದ್ರೆ ಹುಳ, ಅದು ಸಾಯೋದೂ ತಾಮ್ರಕ್ಕೇ, ಆದ್ರೆ ಅಳತೆ ಬೇಕು, ಬೇರೆ ಟಬ್ ಬೇಕು." ಮೀನುಗಳನ್ನು ಟಬ್ಬಿಗೆ ಹಾಕಿ ತಾನು ಕೊಡುವ ತಾಮ್ರದ ಔಷಧಿ ಬಿಡಬೇಕು, ತೊಟ್ಟಿಯ ನೀರು ಬದಲಿಸುತ್ತ ಅದನ್ನು ಎರಡು ತಿಂಗಳಾದರೂ ಮೀನಿಲ್ಲದೆ ಬಿಡಬೇಕು, ಕೂರಲು ಮೀನು ಸಿಗದೆ ಹುಳ ತಾನೇ ಸಾಯುತ್ತದೆ ಎಂದ.

ಫೋನ್ ಇಟ್ಟು ಓಬಕ್ಕ ಬಿಂದಿಗೆಯ ಕಡೆ ನೋಡಿದರು. ಆಮೇಲೆ ಇದ್ದಕ್ಕಿದ್ದಂತೆ ನಕ್ಕುಬಿಟ್ಟರು. "ಔಷಧೀನೇ ಹಾಕಿದ್ದೆ ನೋಡ್ರಿ. ಜಾಗ ತಪ್ಪಿತ್ತು ಅಷ್ಟೇ." ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. "ಕೊಂಡ್ಲಹಳ್ಳ್ಯಾಗೆ ನಮ್ಮಪ್ಪನೂ ಇದನ್ನೇ ಮಾಡ್ತಿದ್ದ. ಉಣ್ಣಿ ಬಿದ್ರೆ ಕುರಿ ಹೊಡ್ಕೊಂಡು ಬೇರೆ ಕಡೆ ಹೋಗಿಬಿಡೋದು. ಖಾಲಿ ಕುರಿ ರೊಪ್ಪದಾಗೆ ಉಣ್ಣಿ ಹಸ್ಕೊಂಡು ಸಾಯ್ತಿದ್ವು."

ಟಬ್ಬಿಗೆ ಹಾಕಿದ ಎರಡರಲ್ಲಿ ಚಿಕ್ಕ ಮೀನು ಉಳಿಯಲಿಲ್ಲ. ಆ ದಿನ ಮಗ್ಗದ ಸದ್ದು ಕೇಳಲಿಲ್ಲ. ಹಿತ್ತಿಲ ಕರಿಬೇವಿನ ಬುಡದಲ್ಲಿ ಅದನ್ನು ಮಣ್ಣು ಮಾಡಿ ಬಂದ ಓಬಕ್ಕ ಖಾಲಿ ತೊಟ್ಟಿಯ ಮುಂದೆ ಕೂತರು. ನೀಲಿ ಬೆಳಕು ಎಂದಿನಂತೆ ತೂಗುತ್ತಿತ್ತು. "ಅವ್ರು ಹೋದಾಗ ಮನೆ ಹಿಂಗೇ ಇತ್ತು" ಎಂದರು. ನಾನು ಪಕ್ಕದಲ್ಲಿ ಕೂತೆ.

ಉಳಿದ ಮೀನನ್ನು ತೊಟ್ಟಿಗೆ ಮರಳಿ ಬಿಟ್ಟ ದಿನ ಅವರು ಹೊಸ ಸೀರೆ ಉಟ್ಟಿದ್ದರು. ಮೀನು ಕಲ್ಲಿನ ಹಿಂದೆ ಅಡಗಿತು. ಓಬಕ್ಕ ಕರೆಯಲೂ ಹೆದರಿ ಮಗ್ಗದಲ್ಲಿ ಕೂತು ಸುಮ್ಮನೆ ನೇಯ್ದರು. ಬಹಳ ಹೊತ್ತಿನ ಮೇಲೆ, ತಲೆಯೆತ್ತದೆ, ಮೆಲ್ಲಗೆ "ರಾ ತಲ್ಲಿ" ಎಂದರು. ಅದು ಬಂತು.

ಚಳ್ಳಕೆರೆಗೆ ವರ್ಗವಾಗಿ ಹೊರಡುವ ದಿನ ನಾನೂ ಕರೆದೆ: "ಬನ್ನಿ ಓಬಕ್ಕ, ರಜೆಯಲ್ಲಿ ಸಮುದ್ರ ನೋಡಿ ಬರೋಣ."

"ಇದನ್ನ ಯಾರಿಗೆ ಬಿಟ್ಟು ಬರ್ಲಿ? ನೀವು ಹೋಗ್ಬರ್ರಿ. ನಮ್ಮನೇದಕ್ಕಿಂತ ದೊಡ್ಡದೈತಾ ಅಂತ ನೋಡ್ಕೊಂಡು ಬಂದು ಹೇಳ್ರಿ."

ಅದೇ ಕೊನೆಯ ಭೇಟಿ. ಈ ಚಳಿಗಾಲದಲ್ಲಿ ಅವರು ಹೋದರು. ಅವರ ಮನೆಯಿಂದ ತೊಟ್ಟಿಯ ಸಮೇತ ತಂದ ಮೀನು ಈಗ ನನ್ನ ಮನೆಯಲ್ಲಿದೆ, ನನ್ನ ಹರಕು ತೆಲುಗಿಗೂ ಬರುತ್ತದೆ.

ಹೋದ ತಿಂಗಳು ಮಂಗಳೂರಿಗೆ ಹೋಗಿದ್ದೆ. ಸಂಜೆ ದಂಡೆಯಲ್ಲಿ ಚಪ್ಪಲಿ ಬಿಟ್ಟು ನಿಂತವಳ ಬಾಯಿಂದ ತಾನಾಗಿ "ರಾ ತಲ್ಲಿ, ರಾ" ಎಂದು ಬಂತು. ನೀರು ಬಂದು ಪಾದ ತೋಯಿಸಿತು. ದೊಡ್ಡದೇ ಇದೆ ಓಬಕ್ಕ. ಬಂದು ಹೇಳೋಣವೆಂದರೆ ನೀವಿಲ್ಲ.